ಥೀಲ್ ಟ್ಯೂಬ್: ಬೆಂಗಳೂರಿನ ಪ್ರಯೋಗಾಲಯದಲ್ಲಿ ಹಲವು ವರ್ಷ ಬಳಸಿದ ಮೇಲೆ

ಪದವಿ ತರಗತಿಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ದ್ರವಗಳ ಕುದಿಬಿಂದು ಅಳೆಯಲು ನಾನು ಬಹುಕಾಲದಿಂದ ಥೀಲ್ ಟ್ಯೂಬ್ ಬಳಸುತ್ತಿದ್ದೇನೆ. ಡಿಜಿಟಲ್ ಉಪಕರಣ ಪಕ್ಕದ ಮೇಜಿನ ಮೇಲೆಯೇ ಇದೆ. ಆದರೂ ಹೊಸ ವಿದ್ಯಾರ್ಥಿಗಳ ಕೈಗೆ ಮೊದಲು ಕೊಡುವುದು ಈ ಗಾಜಿನ ನಳಿಕೆಯನ್ನೇ.

ಜರ್ಮನಿಯ ಯೊಹಾನೆಸ್ ಥೀಲೆ 1907ರಲ್ಲಿ ಪರಿಚಯಿಸಿದ ವಿನ್ಯಾಸ ಇದು. ಪಕ್ಕದ ಬಾಗಿದ ತೋಳನ್ನು ಕಾಯಿಸಿದರೆ ಸಾಕು, ಒಳಗಿನ ಎಣ್ಣೆ ತಾನಾಗಿ ಸುತ್ತು ಹಾಕುತ್ತದೆ, ಕಲಕುವ ಗೊಡವೆಯಿಲ್ಲ. ಥರ್ಮಾಮೀಟರಿಗೆ ರಬ್ಬರ್ ಉಂಗುರದಿಂದ ಕಟ್ಟಿದ ಪುಟ್ಟ ಇಗ್ನಿಷನ್ ಟ್ಯೂಬಿನಲ್ಲಿ (ಒಂದು ತುದಿ ಮುಚ್ಚಿದ ಗಾಜಿನ ಕೊಳವೆ) ಕೆಲವು ಹನಿ ದ್ರವ, ಅದರೊಳಗೆ ಮೇಲ್ತುದಿ ಮುಚ್ಚಿದ, ಬಾಯಿ ಕೆಳಗಾದ ಕ್ಯಾಪಿಲರಿ, ಅಂದರೆ ಎಳೆಯಷ್ಟು ಸಣ್ಣ ಗಾಜಿನ ನಳಿಕೆ. ಮೊದಲು ಒಂದೊಂದೇ ಗುಳ್ಳೆ ಹೊರಡುತ್ತದೆ, ಆಮೇಲೆ ಪೋಣಿಸಿದ ಮಣಿಗಳಂತೆ ಬಿಡುವಿಲ್ಲದೆ. ಉಷ್ಣತೆ ಗುರುತಿಸಲು ಆಗ ಅವಸರ ಪಡಬಾರದು. ಉರಿ ಸರಿಸಿ ಕಾಯಬೇಕು. ಗುಳ್ಳೆ ನಿಂತು ದ್ರವ ಕ್ಯಾಪಿಲರಿಯೊಳಗೆ ಏರತೊಡಗುವ ಕ್ಷಣದಲ್ಲಿ ಅದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗಿರುತ್ತದೆ. ಆಗಿನ ಉಷ್ಣತೆಯೇ ಕುದಿಬಿಂದು. ಪುಸ್ತಕದ ವ್ಯಾಖ್ಯೆ ಹೀಗೆ ಕಣ್ಣೆದುರೇ ನಡೆಯುವುದನ್ನು ಯಾವ ಪರದೆಯ ಅಂಕಿಯೂ ತೋರಿಸಿಕೊಡಲಾರದು.

ಬೆಂಗಳೂರಿನವರಿಗೆ ಒಂದು ಮಾತು ಹೇಳಲೇಬೇಕು. ಊರು 900 ಮೀಟರಿಗೂ ಎತ್ತರದಲ್ಲಿದೆ, ಹಾಗಾಗಿ ಗಾಳಿಯ ಒತ್ತಡ ಕಡಿಮೆ. ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕದಲ್ಲಿ ಕುದಿಬಿಂದು 110.6 ಎಂದಿರುವ ಟಾಲೂಯೀನ್ ಎಂಬ ದ್ರವ 107ರ ಹತ್ತಿರ ನಿಲ್ಲುತ್ತದೆ. ಇದನ್ನು ಕಂಡು ಗಾಬರಿಯಾಗುವ ವಿದ್ಯಾರ್ಥಿ ರೆಕಾರ್ಡಿನಲ್ಲಿ 110 ಎಂದು ತಿದ್ದಿ ಬರೆಯುತ್ತಾನೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಕಂಡದ್ದನ್ನೇ ಬರೆದು, ಪಕ್ಕದಲ್ಲಿ ಅಂದಿನ ವಾಯುಒತ್ತಡವನ್ನು ನಮೂದಿಸಲಿ. ಅದೇ ದ್ರವ ಮಂಗಳೂರಿನಲ್ಲಿ ಪುಸ್ತಕದ ಅಂಕಿಯ ಸಮೀಪಕ್ಕೆ ಬರುತ್ತದೆ ಎಂದು ತಿಳಿದಾಗ ಅವರ ಮುಖದಲ್ಲಿ ಮೂಡುವ ಬೆರಗು ನನಗೆ ತುಂಬ ಇಷ್ಟ.

ಕುಂದುಗಳೂ ಇವೆ. ನಳಿಕೆಯೊಳಗೆ ತುಂಬುವ ಎಣ್ಣೆಯಾದ ಲಿಕ್ವಿಡ್ ಪ್ಯಾರಾಫಿನ್ 200 ಡಿಗ್ರಿ ಸಮೀಪಿಸಿದಂತೆ ಹೊಗೆಯಾಡುತ್ತದೆ, ದಿನ ಕಳೆದಂತೆ ಕಂದುಗಟ್ಟುತ್ತದೆ. 211ರಲ್ಲಿ ಕುದಿಯುವ ನೈಟ್ರೊಬೆಂಜೀನಿನಂಥ ದ್ರವಕ್ಕೆ ಸಿಲಿಕೋನ್ ಎಣ್ಣೆಯೇ ಬೇಕು. ಎಣ್ಣೆಗೆ ನೀರಿನ ಹನಿ ಸೇರಿದ್ದರೆ 100 ದಾಟಿದೊಡನೆ ಸಿಡಿಯುತ್ತದೆ. ರಬ್ಬರ್ ಉಂಗುರ ಎಣ್ಣೆಯ ಮಟ್ಟದಿಂದ ಮೇಲಿರಲಿ. ಕಾದಾಗ ಎಣ್ಣೆ ಹಿಗ್ಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಳಿಕೆಯ ಬಾಯಿಗೆ ಹಾಕುವ ಬಿರಡೆಯಲ್ಲಿ ಗಾಳಿ ಹೋಗಲು ಸೀಳು ಕಡ್ಡಾಯ. ಅಸಿಟೋನಿನಂಥ ಬೇಗ ಹೊತ್ತಿಕೊಳ್ಳುವ ದ್ರವಕ್ಕೆ ನಾನು ಬರಿಯ ಉರಿ ಬಳಸುವುದಿಲ್ಲ. ಬೀಕರಿನಲ್ಲಿ ಬಿಸಿನೀರು ಸಾಕು.

ಕೊಳ್ಳುವಾಗ ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನದನ್ನೇ ಕೇಳಿ. ಕೆಲವು ನೂರು ರೂಪಾಯಿ ಹೆಚ್ಚಾದರೂ ಸರಿ, ಬೇರೆ ಗಾಜು ಬೇಡ: ಒಳಗಿರುವುದು ಕಾದ ಎಣ್ಣೆ, ಎದುರಿಗಿರುವುದು ಮಕ್ಕಳ ಮುಖ.