ಯೂರೋಲೀಗ್ ಚಂದಾ: ನೇರಪ್ರಸಾರಕ್ಕಲ್ಲ, ಮರುಪ್ರಸಾರಕ್ಕೆ

ಯುರೋಪಿನ ಕ್ಲಬ್ ಬಾಸ್ಕೆಟ್‌ಬಾಲ್‌ನ ಅಗ್ರ ಸ್ಪರ್ಧೆಯಾದ ಯೂರೋಲೀಗನ್ನು ಧಾರವಾಡದಲ್ಲಿ ಕುಳಿತು ನೋಡಲು ಕೇಬಲ್ ಟಿ.ವಿ.ಯನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಆನ್‌ಲೈನ್ ಪ್ರಸಾರದ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದ್ದೆ. ಸಂಜೆ ನನ್ನ ಬಳಿ ಆಟ ಕಲಿಯಲು ಬರುವ ಹುಡುಗರೊಂದಿಗೆ ಸಪ್ತಾಪುರದ ಮನೆಯಲ್ಲಿ ಒಂದು ಋತು ನೋಡಿದ ಮೇಲಿನ ಅಭಿಪ್ರಾಯವಿದು.

ಬರೀ ನೇರಪ್ರಸಾರಕ್ಕೆಂದು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಇಸ್ತಾಂಬುಲ್‌ನ ಪಂದ್ಯಗಳು ನಮ್ಮಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ಶುರುವಾಗುತ್ತವೆ, ಹೇಗೋ ನಿಭಾಯಿಸಬಹುದು. ಚಳಿಗಾಲದಲ್ಲಿ ಮ್ಯಾಡ್ರಿಡ್‌ನವು ಶುರುವಾಗುವ ಹೊತ್ತಿಗೆ ಮಧ್ಯರಾತ್ರಿ ಕಳೆದು ಒಂದು ಗಂಟೆ ದಾಟಿರುತ್ತದೆ. ಕೊಟ್ಟ ಹಣ ವಸೂಲಾಗುವುದು ಇಡೀ ಪಂದ್ಯವನ್ನು ಮರುದಿನ ನಿಲ್ಲಿಸಿ, ಹಿಂದಕ್ಕೊಯ್ದು ನೋಡುವುದರಲ್ಲಿ.

ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದೆಲ್ಲ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತುಣುಕುಗಳನ್ನು. ಆದರೆ ನಮ್ಮ ಪಂದ್ಯಾವಳಿಗಳು ನಡೆಯುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳಂತೆ, ಯೂರೋಲೀಗ್‌ನ ಆಟವೂ ಬಹುಪಾಲು ಅದೇ: ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್, 6.75 ಮೀಟರಿನ ಮೂರು ಅಂಕದ ಗೆರೆ, ಐದು ಫೌಲಿಗೆ ಆಟಗಾರ ಹೊರಗೆ. ಎನ್‌ಬಿಎಯಲ್ಲಿ ರಕ್ಷಕನು ಎದುರಾಳಿಯೊಬ್ಬನನ್ನು ಹತ್ತಿರದಿಂದ ತಡೆಯುತ್ತಿರದಿದ್ದರೆ ಬಾಸ್ಕೆಟ್ಟಿನ ಮುಂದಿನ ಆವರಣದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯೂರೋಲೀಗ್‌ನಲ್ಲಿ ಆ ನಿರ್ಬಂಧವಿಲ್ಲದ ಕಾರಣ ಎತ್ತರದ ರಕ್ಷಕ ಅಲ್ಲಿಯೇ ಬೇರೂರಿ ನಿಂತಿರುತ್ತಾನೆ, ಒಬ್ಬನೇ ನುಗ್ಗಿ ಹೋದವನು ಸಿಕ್ಕಿಬೀಳುತ್ತಾನೆ, ಹಾಗಾಗಿ ಚೆಂಡು ಕೈಯಿಂದ ಕೈಗೆ ಓಡಲೇಬೇಕು.

ಆ್ಯಪ್‌ನಲ್ಲಿದ್ದ ಹಳೆಯ ಪಂದ್ಯಗಳಲ್ಲಿ, ಬರ್ಲಿನ್‌ನಲ್ಲಿ ನಡೆದ 2024ರ ಫೈನಲನ್ನು ನಾವು ಹೆಚ್ಚು ತಿರುವಿಹಾಕಿದೆವು. ಮೊದಲ ಕ್ವಾರ್ಟರಿನಲ್ಲಿ 36 ಅಂಕ ಬಾಚಿದ ಸ್ಪೇನಿನ ರಿಯಲ್ ಮ್ಯಾಡ್ರಿಡ್, ಮೂರನೆಯದರಲ್ಲಿ ಗಳಿಸಿದ್ದು ಕೇವಲ 7. ಎರ್ಗಿನ್ ಅಟಮಾನ್ ತರಬೇತಿಯ, ಗ್ರೀಸಿನ ಪನಾಥಿನೈಕೋಸ್ 95–80ರಿಂದ ಗೆದ್ದಿತು. ಗೆದ್ದ ತಂಡಕ್ಕೆ 24 ಅಂಕ ಗಳಿಸಿದ ಕೋಸ್ತಾಸ್ ಸ್ಲೂಕಾಸ್‌ನದು ಅವಸರವಿಲ್ಲದ ಆಟ. ಆ ಮೂರನೆಯ ಕ್ವಾರ್ಟರಿನಲ್ಲಿ ಹುಡುಗರಿಗೆ ಚೆಂಡು ಬಿಟ್ಟು ಬರೀ ರಕ್ಷಕರ ಕಾಲುಗಳನ್ನು ನೋಡಲು ಹೇಳಿದೆ. ಶೂಟಿಂಗನ್ನೇ ಆಟವೆಂದು ತಿಳಿದಿದ್ದ ಒಬ್ಬ, ಮರುದಿನ ಅಂಕಣದಲ್ಲಿ ಮೊದಲ ಬಾರಿಗೆ ರಕ್ಷಣೆಗೆಂದು ಮೊಣಕಾಲು ಬಗ್ಗಿಸಿ ನಿಂತ.

ದೂರುಗಳೂ ಇವೆ. ಮರುಪ್ರಸಾರ ತೆರೆಯುವ ಮೊದಲೇ ಮುಖಪುಟದಲ್ಲಿ ಫಲಿತಾಂಶ ಕಣ್ಣಿಗೆ ರಾಚುತ್ತದೆ. ಮರುಪ್ರಸಾರವನ್ನೇ ಮಾರುವ ಆ್ಯಪ್‌ಗೆ ಇಷ್ಟು ತಿಳಿಯದಿರುವುದು ಆಶ್ಚರ್ಯ. ಹಣವನ್ನು ಯೂರೋದಲ್ಲಿ ಕಟ್ಟಬೇಕಾದ್ದರಿಂದ ಬ್ಯಾಂಕಿನ ಶುಲ್ಕ ಬೇರೆ ಬೀಳುತ್ತದೆ, ಅವಧಿ ಮುಗಿದರೆ ಕೇಳದೆಯೇ ನವೀಕರಣವಾಗುತ್ತದೆ. ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿದೆ, ಧ್ವನಿ ನಿಲ್ಲಿಸಿ ನಾನೇ ವಿವರಿಸುತ್ತಿದ್ದೆ.

2025–26ರಿಂದ ತಂಡಗಳು 20 ಆಗಿ, ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿಯೇ 38 ಪಂದ್ಯಗಳಿರುವುದರಿಂದ ಎಲ್ಲವನ್ನೂ ನೋಡುವ ಮಾತೇ ಇಲ್ಲ. ಇಡೀ ವರ್ಷದ ಚಂದಾ ಭಾರವೆನಿಸುವವರು ಏಪ್ರಿಲ್ ಮತ್ತು ಮೇಗೆ ಮಾತ್ರ ತಿಂಗಳ ಲೆಕ್ಕದಲ್ಲಿ ಕಟ್ಟಿದರೆ ಸಾಕು: ಲೀಗ್ ಹಂತದ ನಂತರದ ಪ್ಲೇಆಫ್, ಕೊನೆಯ ನಾಲ್ಕು ತಂಡಗಳು ಆಡುವ ಫೈನಲ್ ಫೋರ್ ಎರಡೂ ಸಿಗುತ್ತವೆ, ಪಿಯು ಹುಡುಗರ ಪರೀಕ್ಷೆಯೂ ಅಷ್ಟರಲ್ಲಿ ಮುಗಿದಿರುತ್ತದೆ.