ಸಂಪಾಜೆ ಘಾಟಿಯಲ್ಲಿ ಟರ್ಬೊ ಮತ್ತು ವಿಟೆಕ್

ನಮ್ಮ ಶೆಡ್ಡಿನಲ್ಲಿ ಎರಡು ಹಳೆಯ ಕಾರುಗಳಿವೆ. ನನ್ನದು ಹೋಂಡಾ ಸಿಟಿ ವಿಟೆಕ್: 1.5 ಲೀಟರ್ ಎಂಜಿನ್, 106 ಅಶ್ವಶಕ್ತಿ. ವಿಟೆಕ್ ಎಂದರೆ ಎಂಜಿನ್ ಸುತ್ತು ಏರಿದಾಗ ವಾಲ್ವ್‌ಗಳನ್ನು ಹೆಚ್ಚು ತೆರೆದುಕೊಡುವ ಹೋಂಡಾದ ವ್ಯವಸ್ಥೆ. ಇನ್ನೊಂದು ಭಾವನವರು ಊರು ಬಿಡುವಾಗ ಒಪ್ಪಿಸಿಹೋದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2004ರಲ್ಲಿ ಭಾರತಕ್ಕೆ ಬಂದ ಮಾದರಿ, 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಅಂಕಿ ನೋಡಿದರೆ ಜೋಡಿ ಸರಿಯಿಲ್ಲ. ಆದರೆ ಸಿಟಿ ಬಹಳ ಹಗುರ, ಘಾಟಿಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಮಾರ್ಚಿನ ಒಂದು ಬೆಳಿಗ್ಗೆ, ಲಾರಿಗಳ ಸಾಲು ಶುರುವಾಗುವ ಮುನ್ನ, ಸಂಪಾಜೆಯಿಂದ ಮಡಿಕೇರಿಗೆ ಎರಡನ್ನೂ ಒಂದಾದ ಮೇಲೊಂದು ಹತ್ತಿಸಿದೆ.

ಸಿಟಿ ತಿರುವಿಗೆ ಮೂಗು ತೂರಿಸುವ ಚುರುಕು ಈಗಲೂ ಹಾಗೆಯೇ ಇದೆ. ಗೇರ್ ಬೆರಳಿನಲ್ಲೇ ಬೀಳುತ್ತದೆ. ಆದರೆ ಎಂಜಿನ್ ಸುತ್ತು ತೋರಿಸುವ ಸೂಜಿ ಐದು ಸಾವಿರ ದಾಟುವವರೆಗೆ ಗೊಣಗಾಟ, ಆಮೇಲಷ್ಟೇ ಹಾಡು. ಮೇಲೇರಿದಂತೆ ಗಾಳಿಯೂ ತೆಳುವಾಗುತ್ತದೆ. ಮಡಿಕೇರಿಯ ಸುಮಾರು 1,150 ಮೀಟರ್ ಎತ್ತರದಲ್ಲಿ ಟರ್ಬೊ ಇಲ್ಲದ ಇಂಥ ಎಂಜಿನ್ ತನ್ನ ಶಕ್ತಿಯ ಹತ್ತನೇ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ಎರಡನೇ ಗೇರಿಗೆ ಇಳಿಯದೆ ಗತಿಯಿಲ್ಲ.

ಆಕ್ಟೇವಿಯಾದ ರೀತಿಯೇ ಬೇರೆ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೋಟಾರ್ ಹಾಕಿದ ಕೂಡಲೇ ನೀರು ಚಿಮ್ಮುವುದಿಲ್ಲ. ಪೈಪು ತುಂಬಬೇಕು, ಎಲ್ಲೋ ಒಂದು ಜಾಯಿಂಟ್ ಬುಸುಗುಡಬೇಕು, ಆಮೇಲೆ ಒಮ್ಮೆಲೇ ಜೆಟ್ ಎದ್ದು ಗಿಡದ ಮೇಲೆ ಬೀಳುತ್ತದೆ. ಟರ್ಬೊ ಕೂಡ ಹಾಗೆಯೇ. ಹೊಗೆಯ ರಭಸಕ್ಕೆ ಟರ್ಬೈನ್ ತಿರುಗಬೇಕು, ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬೇಕು. ತಿರುವಿನಲ್ಲಿ ಕಾಲು ಒತ್ತಿದರೆ ಅರೆಕ್ಷಣ ಏನೂ ಇಲ್ಲ. ಮತ್ತೆ ಸೀಟು ಬೆನ್ನಿಗೆ ಗುದ್ದುತ್ತದೆ, ಅದೂ ಮೂರನೇ ಗೇರಿನಲ್ಲೇ. ತೆಳುಗಾಳಿಯ ಕೊರತೆಯನ್ನೂ ಬಹುಪಾಲು ಅದೇ ತುಂಬಿಕೊಳ್ಳುತ್ತದೆ.

ಆ ಅರೆಕ್ಷಣವನ್ನು ದೋಷವೆನ್ನುವವರಿದ್ದಾರೆ. ನನಗೆ ರುಚಿ ಹತ್ತಿದ್ದೇ ಅದರಿಂದ. ತಿರುವು ಮುಗಿಯುವ ಮೊದಲೇ ಅಳತೆ ಹಿಡಿದು ಕಾಲು ಒತ್ತಬೇಕು. ತಪ್ಪಿದರೆ ನಾಚಿಕೆ, ಸರಿಹೋದರೆ ಒಬ್ಬನೇ ನಗುತ್ತೇನೆ. ಹೊಸ ಟರ್ಬೊ ಕಾರುಗಳಲ್ಲಿ ಈ ಕಾಯುವಿಕೆ ಹೆಚ್ಚೂಕಡಿಮೆ ಮಾಯವಾಗಿದೆ.

ಪೆಟ್ರೋಲ್ ಖರ್ಚಿನ ವಿಷಯ ಬೇಡ. ತೋಟದ ದಾರಿಯಲ್ಲಿ ಆರ್‌ಎಸ್‌ನ ಹೊಟ್ಟೆ ಕಲ್ಲಿಗೆ ತಾಗುವ ಸದ್ದಿಗೆ ಅತ್ತೆ ಹೊರಗೆ ಬಂದು ನೋಡುತ್ತಾರೆ. ಏರು ಹತ್ತಿ ಬಂದ ಮೇಲೆ ತಕ್ಷಣ ಆಫ್ ಮಾಡುವಂತೆಯೂ ಇಲ್ಲ. ಕಾದ ಟರ್ಬೊದಲ್ಲಿ ಎಣ್ಣೆ ಸುಟ್ಟು ಕರಿಗಟ್ಟದಿರಲು ಒಂದು ನಿಮಿಷ ಹಾಗೆಯೇ ಓಡಬೇಕು.

ಆ ನಿಮಿಷದಲ್ಲೇ ಭಾವನವರ ಫೋನ್ ಬಂತು. ಕಾರು ಮಾರಿಬಿಡೋಣವೇ ಎಂದರು. ಮಾರೋಣ, ಗಿರಾಕಿ ಹುಡುಕುತ್ತಿದ್ದೇನೆ ಎಂದೆ. ಯಾವ ಕಾರಿಗೆ ಎಂದು ಅವರು ಕೇಳಲಿಲ್ಲ.