ಗಿಡಕ್ಕೆ ಐದು ಸ್ಟಾರ್, ಜೊತೆಗೆ ಬಂದ ಕುಂಡಕ್ಕೆ ಒಂದು

ಜೀಬ್ರಾ ಹವರ್ಥಿಯಾ ಅನ್ನುವ ಈ ಪುಟ್ಟ ರಸಭರಿತ ಎಲೆಯ ಗಿಡವನ್ನು ಆನ್‌ಲೈನ್‌ನಲ್ಲಿ ತರಿಸಿ ಹದಿನಾಲ್ಕು ತಿಂಗಳಾಯಿತು. ಬಂದ ವಾರದಲ್ಲೇ ಬರೆದಿದ್ದರೆ ಎಲ್ಲದಕ್ಕೂ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಸಾಕಿ ನೋಡಿದ ಮೇಲೆ ಬರೆಯೋಣ ಅಂತ ಕಾದದ್ದು ಒಳ್ಳೆಯದೇ ಆಯಿತು.

ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಎಲೆಯೂ ಮುರಿದಿರಲಿಲ್ಲ. ಅಂಗೈಯಲ್ಲಿ ಕೂರುವಷ್ಟು ಗಿಡ. ಮೊನಚಾದ ದಪ್ಪ ಎಲೆಗಳ ಮೇಲಿನ ಬಿಳಿ ಪಟ್ಟೆ ದೂರಕ್ಕೆ ಬಣ್ಣ ಬಳಿದಂತೆ ಕಾಣುತ್ತದೆ. ಬೆರಳಾಡಿಸಿದರೆ ಒಂದೊಂದು ಚುಕ್ಕೆಯೂ ಉಬ್ಬಿಕೊಂಡಿರುವುದು ತಿಳಿಯುತ್ತದೆ. ಚೀಟಿಯಲ್ಲಿ ಜಾತಿಯ ಹೆಸರು ‘ಫ್ಯಾಸಿಯೇಟಾ’ ಅಂತ ಬರೆದಿತ್ತು. ಆದರೆ ಫ್ಯಾಸಿಯೇಟಾದ ಎಲೆಯ ಒಳಮೈ ನುಣುಪಾಗಿರುತ್ತದೆ. ನನ್ನದರಲ್ಲಿ ಒಳಗೂ ಸಣ್ಣ ಸಣ್ಣ ಗಂಟುಗಳಿವೆ, ಅಂದರೆ ಇದು ಅದನ್ನೇ ಹೋಲುವ ಇನ್ನೊಂದು ಜಾತಿ, ಅಟೆನ್ಯುಯೇಟಾ. ಎರಡನ್ನೂ ಸಾಕುವ ರೀತಿ ಒಂದೇ. ಆದರೂ ಗಿಡ ಮಾರುವವರು ಹೆಸರು ಸರಿಯಾಗಿ ಬರೆಯಬೇಕು.

ನನ್ನ ದೂರು ಇರುವುದು ಕುಂಡದ ಬಗ್ಗೆ. ನೋಡಲು ಮುದ್ದಾದ ಬಿಳಿ ಪಿಂಗಾಣಿ, ತಳದಲ್ಲಿ ತೂತೇ ಇಲ್ಲ. ಮೇಲೆ ಗೋಂದು ಹಾಕಿ ಅಂಟಿಸಿದ ಬಣ್ಣದ ಕಲ್ಲು. ‘ವಾರಕ್ಕೊಮ್ಮೆ ಎರಡು ಚಮಚ ನೀರು’ ಅಂತ ಒಂದು ಕಾರ್ಡು. ಅದರಲ್ಲಿದ್ದಂತೆಯೇ ಮಾಡಿದೆ. ನಾಲ್ಕನೇ ವಾರಕ್ಕೆ ಬುಡದ ಎಲೆಗಳು ಹಳದಿಯಾಗಿ, ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಮೆತ್ತಗಾದವು.

ಕಲ್ಲಿನ ಪದರ ಒಡೆದು ಗಿಡ ಎಬ್ಬಿಸಿದೆ. ಒಳಗಿದ್ದದ್ದು ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹಿಂಡಿದರೆ ನೀರು ಬರುವಷ್ಟು ಒದ್ದೆ. ಬೇರಿನ ಸುತ್ತ ನೈಲಾನ್ ಜಾಲರಿ ಬಿಗಿದಿತ್ತು, ನರ್ಸರಿಯಲ್ಲಿ ಹಾಕಿದ್ದನ್ನು ಯಾರೂ ತೆಗೆದೇ ಇರಲಿಲ್ಲ. ಕತ್ತರಿಯಿಂದ ಅದನ್ನು ಬಿಡಿಸುವಾಗ ಒಂದು ಬೇರು ಹಿಡಿದೆಳೆದೆ: ಕಂದು ಸಿಪ್ಪೆ ಕಳಚಿ ಬೆರಳಿಗೆ ಬಂತು, ಒಳಗೆ ಕೂದಲಿನಂಥ ಎಳೆಯೊಂದೇ ಉಳಿಯಿತು. ಗಟ್ಟಿಯಾಗಿ ಬೆಳ್ಳಗಿದ್ದ ಬೇರು ಮೂರೇ. ಹೊಟ್ಟೆ ಚುರುಕ್ ಅಂತು.

ಕೊಳೆತದ್ದನ್ನೆಲ್ಲ ಕತ್ತರಿಸಿ, ಗಿಡವನ್ನು ನಾಲ್ಕು ದಿನ ನೆರಳಲ್ಲಿ ಬರಿದೇ ಒಣಗಲು ಬಿಟ್ಟೆ. ಆಮೇಲೆ ತಳದಲ್ಲಿ ತೂತಿರುವ ಮೂರಿಂಚಿನ ಸುಟ್ಟಮಣ್ಣಿನ ಕುಂಡಕ್ಕೆ ನೆಟ್ಟೆ. ಎರಡು ಪಾಲು ದಪ್ಪ ಮರಳು ಮತ್ತು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು), ಒಂದು ಪಾಲು ಗೊಬ್ಬರಮಣ್ಣು. ಮೊದಲ ವಾರ ಹನಿ ನೀರೂ ಹಾಕಲಿಲ್ಲ. ಎರಡು ತಿಂಗಳ ಮೇಲೆ ಮೆಲ್ಲಗೆ ಎಳೆದು ನೋಡಿದರೆ ಬುಡ ಅಲ್ಲಾಡಲಿಲ್ಲ, ಅಂದರೆ ಹೊಸ ಬೇರು ಹಿಡಿದಿತ್ತು. ಅವತ್ತಿನ ಖುಷಿ ಇನ್ನೂ ಮರೆತಿಲ್ಲ.

ಈಗ ವಾರದ ಲೆಕ್ಕ ಇಟ್ಟುಕೊಂಡಿಲ್ಲ. ಐಸ್‌ಕ್ರೀಂ ಕಡ್ಡಿ ಮಣ್ಣಿಗಿಳಿಸಿ ತೆಗೆಯುತ್ತೇನೆ, ತುದಿಯವರೆಗೂ ಒಣಗಿದ್ದರೆ ಮಾತ್ರ ನೀರು. ಆಗ ಚಮಚದ ಲೆಕ್ಕವಿಲ್ಲ. ತಳದಿಂದ ಸುರಿದು ಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಮೋಡ ಕವಿದ ದಿನಗಳಲ್ಲಿ ಮೂರು ವಾರ ದಾಟಿದರೂ ಇದಕ್ಕೆ ಏನೂ ಆಗುವುದಿಲ್ಲ. ಬೇರೆ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದರೆ, ಇದು ರಾತ್ರಿಯ ತಂಪಿನಲ್ಲಿ ತೆರೆದು, ಗಾಳಿಯಿಂದ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು ಹಗಲಿಗೆ ಬಳಸುತ್ತದೆ. ಅದಕ್ಕೇ ನೀರು ಅಷ್ಟು ಕಡಿಮೆ ಖರ್ಚು. ಬಾಯಾರಿದರೆ ಎಲೆ ಸ್ವಲ್ಪ ಸುಕ್ಕಾಗುತ್ತದೆ, ನೀರು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಕೊಳೆತ ಬೇರು ಮಾತ್ರ ವಾಪಸ್ ಬರುವುದಿಲ್ಲ.

ಬೆಳಕಿಗೆ ಪೂರ್ವದ ಕಿಟಕಿ ಸಾಕು. ಇದರ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್, ಅಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುವಂಥದ್ದು. ಒಮ್ಮೆ ಮಧ್ಯಾಹ್ನದ ಬಿಸಿಲಿಗಿಟ್ಟಾಗ ಎಲೆ ಕೆಂಪಗಾಯಿತು. ಒಳಗಿಟ್ಟ ಮೇಲೆ ನಿಧಾನಕ್ಕೆ ಹಸಿರಿಗೆ ತಿರುಗಿತು. ಹಿಟ್ಟು ತಿಗಣೆ ಒಂದೇ ಸಲ ಬಂದಿತ್ತು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದಕ್ಕೆ ಹೋಯಿತು.

ತರಿಸುವವರು ಈ ಗಿಡವನ್ನು ಧೈರ್ಯವಾಗಿ ತರಿಸಿ, ಆದರೆ ಪಿಂಗಾಣಿ ಕುಂಡದ ಜೊತೆ ಬರುವ ಈ ‘ಗಿಫ್ಟ್ ಸೆಟ್’ ಬೇಡ. ಇದೇ ಮಾರಾಟಗಾರರ ಹತ್ತಿರ ಪ್ಲಾಸ್ಟಿಕ್ ನರ್ಸರಿ ಕುಂಡದಲ್ಲೂ ಸಿಗುತ್ತದೆ. ಬಂದ ವಾರವೇ ಜಾಲರಿ ಇದೆಯಾ ನೋಡಿ, ಮಣ್ಣು ಬದಲಾಯಿಸಿ. ನನ್ನ ಗಿಡದ ಬುಡದಲ್ಲಿ ಈಗ ಎರಡು ಮರಿ ಬಂದಿವೆ. ದೊಡ್ಡದನ್ನು ಬೇರು ಸಮೇತ ಬಿಡಿಸಿ ಅಕ್ಕನಿಗೆ ಕೊಡಬೇಕು. ಸಣ್ಣದು ಇನ್ನೂ ಕಡಲೆಕಾಳಿನಷ್ಟಿದೆ, ತಾಯಿಯ ಜೊತೆಗೇ ಇರಲಿ.